ಖಾಲಿ ಪಿಕಪ್ ಯಾಕಿಷ್ಟು ಕುಲುಕುತ್ತದೆ?

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ನನ್ನ ಮಗನ ದೊಡ್ಡ ಪಿಕಪ್ ಟ್ರೇಲರ್ ಎಳೆಯುವಾಗ ಹಾಯಾಗಿ ಸಾಗುತ್ತದೆ, ಖಾಲಿಯಿದ್ದರೆ ಸೊಂಟ ನೋಯುವಷ್ಟು ಕುಲುಕುತ್ತದೆ. ಸರಿಪಡಿಸಬಹುದೇ?

ಉತ್ತರ: ಬಹುಮಟ್ಟಿಗೆ ಸರಿಪಡಿಸಬಹುದು. ಫೋರ್ಡ್ ಎಫ್-250ಯಂಥ ಗಾಡಿಗಳ ಹಿಂಬದಿಯ ಲೀಫ್ ಸ್ಪ್ರಿಂಗುಗಳನ್ನು ಭಾರಿ ಹೊರೆಗೆಂದೇ ಮಾಡಿರುತ್ತಾರೆ. ಹೊರೆ ಇಲ್ಲದಾಗ ಅವು ಹೆಚ್ಚು ಬಾಗುವುದಿಲ್ಲ; ರಸ್ತೆಯ ಪೆಟ್ಟು ನೇರ ಬೆನ್ನಿಗೇ.

ಮೊದಲು ನೋಡಬೇಕಾದದ್ದು ಟೈರಿನ ಗಾಳಿ. ಇದಕ್ಕೆ ಖರ್ಚೂ ಇಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ಒತ್ತಡ ಪೂರ್ತಿ ಹೊರೆಯ ಲೆಕ್ಕದ್ದು. ಕೆಲವರು ಇನ್ನೂ ಮುಂದೆ ಹೋಗಿ, ಟೈರಿನ ಮೇಲಿರುವ ಗರಿಷ್ಠ 80 ಪಿಎಸ್‌ಐಯನ್ನೇ ಸದಾ ತುಂಬಿಸಿಬಿಡುತ್ತಾರೆ. ಖಾಲಿ ಗಾಡಿಯ ಎರಡೂ ಆಕ್ಸಲ್‌ಗಳನ್ನು ತೂಕದ ಸೇತುವೆಯಲ್ಲಿ ತೂಗಿಸಿ, ಟೈರ್ ಕಂಪನಿಯ ಭಾರ-ಒತ್ತಡದ ಪಟ್ಟಿ ನೋಡಿ ಇಳಿಸುವುದೇ ಸರಿ. ಆದರೆ ಟ್ರೇಲರ್ ಕಟ್ಟುವ ಮುನ್ನ ಮತ್ತೆ ತುಂಬಿಸಲೇಬೇಕು, ದಯವಿಟ್ಟು ಮರೆಯಬೇಡಿ. ಗಾಳಿ ಕಡಿಮೆಯಾದ ಟೈರ್ ಹೊರೆಯಡಿ ಕಾದು ಸಿಡಿಯುತ್ತದೆ.

ಆಮೇಲೆ ಒಳ್ಳೆಯ ಶಾಕ್ ಅಬ್ಸಾರ್ಬರ್. ಇನ್ನೂ ಸಾಲದಿದ್ದರೆ ಮೆದು ಸ್ಪ್ರಿಂಗ್ ಹಾಕಿಸಿ, ಎಳೆಯುವಾಗಿನ ಭಾರಕ್ಕೆ ಏರ್ ಬ್ಯಾಗ್ ಜೋಡಿಸುವವರಿದ್ದಾರೆ. ಏರ್ ಬ್ಯಾಗ್ ಗಾಡಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ; ತಯಾರಕರು ನಿಗದಿಪಡಿಸಿದ ತೂಕದ ಮಿತಿ ಅದರಿಂದ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.