ಮರ ಒಬ್ಬರದು, ಹಕ್ಕಿ ಊರಿನದು

ಹುಣಸೆಹಣ್ಣು ಉದುರಿಸುವ ಕಾಲವೂ ಹೆಜ್ಜಾರ್ಲೆ (ಪೆಲಿಕನ್) ಮರಿ ಸಾಕುವ ಕಾಲವೂ ಒಂದೇ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಸಂಕ್ರಾಂತಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಹಿತ್ತಿಲ ಮರಗಳಲ್ಲಿ ಹಣ್ಣು ತೂಗುತ್ತಿರುತ್ತದೆ. ಅದೇ ಕೊಂಬೆಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು, ಗೂಡಿನ ತುಂಬ ಬಾಯಿ ತೆರೆದ ಮರಿಗಳು. ಹಣ್ಣು ಬೇಕೆಂದರೆ ಮರ ಹತ್ತಿ ಕೊಂಬೆ ಅಲುಗಿಸಬೇಕು, ಕೋಲು ಹಿಡಿದು ಬಡಿಯಬೇಕು. ಬಡಿದರೆ ಗೂಡು ಉಳಿಯುವುದಿಲ್ಲ. ಬಡಿಯದಿದ್ದರೆ ಆ ವರ್ಷದ ಹುಣಸೆ ದುಡ್ಡು ಕೈಗೆ ಬರುವುದಿಲ್ಲ.

ಊರಿನವರಿಗೆ ಈ ಹಕ್ಕಿಗಳು ಹೊಸಬರಲ್ಲ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಅವರು ಹಕ್ಕಿಗಳನ್ನು ಕರೆಯುತ್ತಾರೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಇದೆ. ಹಿಂದಿನವರು ಶಿಂಷಾ ದಂಡೆಯ ಹಳೆಯ ಊರನ್ನು ಪ್ಲೇಗಿಗೆ ಹೆದರಿ ಬಿಟ್ಟುಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹೇಳುತ್ತಾರೆ. ಮರದಡಿ ಬೀಳುವ ಹಿಕ್ಕೆಯನ್ನು ಗುಂಡಿಯಲ್ಲಿ ಕೂಡಿಟ್ಟು ಗೊಬ್ಬರ ಮಾಡುವುದು ಅವರಿಗೆ ಯಾವ ಕೃಷಿ ಅಧಿಕಾರಿಯೂ ಹೇಳಿಕೊಟ್ಟದ್ದಲ್ಲ. ಹಕ್ಕಿಯ ಬಗ್ಗೆ ಇಷ್ಟೆಲ್ಲ ಗೊತ್ತಿರುವ ಊರಿಗೆ ಪರಿಸರ ಶಿಕ್ಷಣದ ಕಾರ್ಯಕ್ರಮ ಏಕೆ ಬೇಕಾಯಿತು?

ಉತ್ತರ ಹುಣಸೆ ಮರದಲ್ಲೇ ಇದೆ. ಹೆಜ್ಜಾರ್ಲೆ ಉಳಿದರೆ ಅದನ್ನು ನೋಡಿ ಸಂತೋಷಪಡುವವರು ಬೆಂಗಳೂರಿನಿಂದ, ಮೈಸೂರಿನಿಂದ ಕ್ಯಾಮೆರಾ ಹೊತ್ತು ಬರುವವರು. ನಷ್ಟ ಮಾತ್ರ ಮರದ ಯಜಮಾನನೊಬ್ಬನದು. ಲಾಭ ಎಲ್ಲರಿಗೂ ಹಂಚಿಹೋಗಿ, ನಷ್ಟ ಒಂದೇ ಮನೆಯ ಹಿತ್ತಿಲಿಗೆ ಬೀಳುವಾಗ ಭಕ್ತಿ, ನಂಬಿಕೆಗಳು ಒಂದು ತಲೆಮಾರು ತಡೆದಾವು. ಆಮೇಲೆ ಮಗನಿಗೆ ಮನೆ ಕಟ್ಟಬೇಕು, ಸಾಲ ತೀರಿಸಬೇಕು, ಮರಕ್ಕೆ ಕೊಡಲಿ ಬೀಳುತ್ತದೆ. 1976ರ ಸುಮಾರಿಗೆ ಈ ಊರಿನ ಹಕ್ಕಿಗಳ ವಿಷಯ ಹೊರಜಗತ್ತಿಗೆ ತಿಳಿಯುವಂತೆ ಮಾಡಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇದನ್ನು ಬೇಗ ಗುರುತಿಸಿದರು. ಗೂಡಿರುವ ಮರದ ಹಣ್ಣು ಕೀಳದೆ ಬಿಟ್ಟ ಮಾಲೀಕನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಶುರುವಾಯಿತು. ಮೊತ್ತ ಸಾಲದು ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ, ದೂರಿನಲ್ಲಿ ನ್ಯಾಯವೂ ಇದೆ.

ಹಣದ ಜೊತೆಗೆ ಇನ್ನೊಂದು ಕೆಲಸ ಬೇಕಿತ್ತು. ಮೈಸೂರಿನ ಪರಿಸರಾಸಕ್ತ ಕೆ. ಮನು ಮತ್ತು ಗೆಳೆಯರು 1990ರ ದಶಕದಲ್ಲಿ ಊರಿನ ಹುಡುಗರನ್ನೇ ಸೇರಿಸಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಬಳಗದ ಕೆಲಸ ಭಾಷಣವಾಗಿರಲಿಲ್ಲ. ಗಾಳಿಗೋ ಒಡಹುಟ್ಟಿದವರ ತಳ್ಳಾಟಕ್ಕೋ ಗೂಡಿನಿಂದ ಮರಿ ಕೆಳಗೆ ಬೀಳುತ್ತದೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಗುಟುಕು ಕೊಡುವುದಿಲ್ಲ. ನಾಯಿಯ ಪಾಲಾಗುವುದೊಂದೇ ಅದರ ದಾರಿ. ಹುಡುಗರು ಅಂಥ ಮರಿಗಳನ್ನು ಎತ್ತಿ ತಂದು ಬೇಲಿ ಹಾಕಿದ ಜಾಗದಲ್ಲಿ ಬಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುತ್ತಿದ್ದರು. ಹೆಜ್ಜಾರ್ಲೆ ಮರಿಯ ಹೊಟ್ಟೆಬಾಕತನ ಗೊತ್ತಿದ್ದವರಿಗೆ ಮಾತ್ರ ಇದೆಷ್ಟು ದುಬಾರಿ ಕೆಲಸ ಎಂದು ತಿಳಿದೀತು. ದಿನಾ ಮೀನು ಹೊಂಚಬೇಕಾದಾಗ ಸುತ್ತಲಿನ ಯಾವ ಕೆರೆಯಲ್ಲಿ ನೀರಿದೆ, ಯಾವುದು ಒಣಗಿದೆ, ಯಾವುದು ಗುತ್ತಿಗೆಗೆ ಹೋಗಿದೆ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಪಠ್ಯಪುಸ್ತಕದ ಆಹಾರ ಸರಪಳಿಯ ಚಿತ್ರ ಇಷ್ಟನ್ನು ಹೇಳುವುದಿಲ್ಲ. ಮುಂದೆ, 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಸರ್ಕಾರಗಳು ಪರಿಸರ ಶಿಕ್ಷಣಕ್ಕೆ ಇಳಿದ ಕಾರಣ ಬೇರೆ, ದಾರಿಯೂ ಬೇರೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ ಲೋಕವೆಲ್ಲ ಪರಿಸರದ ಮಾತಾಡತೊಡಗಿತು. ನಮ್ಮಲ್ಲಿ 1976ರ 42ನೇ ತಿದ್ದುಪಡಿಯು ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರಜೆಗಳ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಮರುವರ್ಷ ಜಾರ್ಜಿಯಾದ ಟಿಬಿಲಿಸಿಯಲ್ಲಿ ಪರಿಸರ ಶಿಕ್ಷಣಕ್ಕೆಂದೇ ಹಲವು ದೇಶಗಳ ಸರ್ಕಾರಗಳು ಸಭೆ ಸೇರಿದವು. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ ಹುಟ್ಟಿತು.

ನಿಜವಾದ ತಿರುವು ಬಂದದ್ದು ನ್ಯಾಯಾಲಯದಿಂದ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಅರ್ಜಿಯ ಮೇಲೆ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶ ಓದಿದರೆ ಇಂದಿಗೂ ಸ್ವಾರಸ್ಯವಾಗಿದೆ. ಶಾಲೆ, ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕು, ಆಕಾಶವಾಣಿ, ದೂರದರ್ಶನಗಳು ಅದಕ್ಕೆ ಸಮಯ ಮೀಸಲಿಡಬೇಕು ಎಂದು ಹೇಳಿದ್ದಷ್ಟೇ ಅಲ್ಲ, ಚಿತ್ರಮಂದಿರಗಳಲ್ಲಿ ಪರಿಸರದ ಸ್ಲೈಡು ತೋರಿಸಬೇಕೆಂದೂ ಕೋರ್ಟು ಹೇಳಿತು. ಜನ ಕಾನೂನು ಪಾಲಿಸಬೇಕಾದರೆ ಮೊದಲು ಅವರಿಗೆ ವಿಷಯ ತಿಳಿದಿರಬೇಕು ಎಂಬುದು ಅದರ ಹಿಂದಿನ ತರ್ಕ. ಪದವಿ ತರಗತಿಗಳಲ್ಲಿ ಇಂದು ಎಲ್ಲರೂ ಬರೆಯುವ ಪರಿಸರ ಅಧ್ಯಯನದ ಪತ್ರಿಕೆ, 2001ರ ನಂತರ ಶಾಲೆಶಾಲೆಯಲ್ಲೂ ಹುಟ್ಟಿದ ಇಕೋ ಕ್ಲಬ್ಬು, ಇವೆಲ್ಲವೂ ಆ ತರ್ಕದ ಮಕ್ಕಳೇ.

ತರ್ಕ ಸರಿ, ಆದರೆ ಅರ್ಧ ಮಾತ್ರ. ಮಾಹಿತಿ ಕೊಟ್ಟರೆ ಮನಸ್ಸು ಬದಲಾಗುತ್ತದೆ, ಮನಸ್ಸು ಬದಲಾದರೆ ನಡವಳಿಕೆ ಬದಲಾಗುತ್ತದೆ ಎಂಬ ಸರಳ ಲೆಕ್ಕವನ್ನು ಅಮೆರಿಕದ ಹಂಗರ್‌ಫರ್ಡ್ ಮತ್ತು ವೋಕ್ ಎಂಬ ಶಿಕ್ಷಣತಜ್ಞರು 1990ರಲ್ಲೇ ಪ್ರಶ್ನಿಸಿದ್ದರು. ಇದು ನನ್ನ ಸಮಸ್ಯೆ ಎಂಬ ಭಾವನೆ, ನಾನು ಏನಾದರೂ ಮಾಡಬಲ್ಲೆ ಎಂಬ ಧೈರ್ಯ, ಇವೆರಡೂ ಇಲ್ಲದೆ ಬರೀ ತಿಳಿವಳಿಕೆ ಕೆಲಸಕ್ಕೆ ಇಳಿಯುವುದಿಲ್ಲ ಎಂಬುದು ಅವರ ವಾದದ ತಿರುಳು. ಸಿಗರೇಟು ಪ್ಯಾಕಿನ ಮೇಲಿನ ಚಿತ್ರ ನೋಡುತ್ತಲೇ ಕಡ್ಡಿ ಗೀರುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮಾಹಿತಿಗೆ ಬೆಲೆಯೇ ಇಲ್ಲವೆ? ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ಪಾಂಗ್ಟಿ ಎಂಬ ಹಳ್ಳಿಯ ಕತೆ ಬೇರೆಯದನ್ನು ಹೇಳುತ್ತದೆ.

ಅಮುರ್ ಫಾಲ್ಕನ್ ಎಂಬುದು 150 ಗ್ರಾಂ ಆಸುಪಾಸು ತೂಗುವ ಪುಟ್ಟ ಡೇಗೆ. ಸೈಬೀರಿಯಾ, ಮಂಗೋಲಿಯಾ, ಉತ್ತರ ಚೀನಾಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಆಫ್ರಿಕಾದ ದಕ್ಷಿಣ ತುದಿಯತ್ತ ಹೋಗುತ್ತದೆ. ದಾರಿಯಲ್ಲಿ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಲಕ್ಷಗಟ್ಟಲೆ ಹಕ್ಕಿಗಳು ಪಾಂಗ್ಟಿ ಬಳಿಯ ದೊಯಾಂಗ್ ಜಲಾಶಯದ ಸುತ್ತ ತಂಗಿ, ಹೊಟ್ಟೆ ತುಂಬ ಗೆದ್ದಲು ತಿಂದು ಮುಂದಿನ ಹಾರಾಟಕ್ಕೆ ಅಣಿಯಾಗುತ್ತವೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ರಾಮ್ಕಿ ಶ್ರೀನಿವಾಸನ್, ಜೀವವಿಜ್ಞಾನಿ ಶಶಾಂಕ್ ದಳವಿ, ನಾಗಾಲ್ಯಾಂಡಿನ ಪತ್ರಕರ್ತೆ ಬಾನೊ ಹರಾಲು ಮೊದಲಾದವರ ತಂಡ ಅಲ್ಲಿ ಕಂಡದ್ದು ಬೇರೆಯೇ. ಮರದಿಂದ ಮರಕ್ಕೆ ಮೀನಿನ ಬಲೆ ಕಟ್ಟಿದ್ದಾರೆ, ಹಕ್ಕಿಗಳು ಗೊಂಚಲು ಗೊಂಚಲಾಗಿ ಸಿಕ್ಕಿಬಿದ್ದಿವೆ. ದಿನಕ್ಕೆ 12,000ದಿಂದ 14,000 ಹಕ್ಕಿಗಳು ಸಾಯುತ್ತಿವೆ ಎಂದು ತಂಡ ಅಂದಾಜು ಮಾಡಿತು. ಅವರು ತೆಗೆದ ವಿಡಿಯೊ ಜಗತ್ತನ್ನೆಲ್ಲ ಸುತ್ತಿತು.

ಬೇಟೆ ಆಗಲೂ ಕಾನೂನಿನ ಪ್ರಕಾರ ಅಪರಾಧವೇ. ಪೊಲೀಸರನ್ನು ಕಳಿಸಿ ಒಂದಷ್ಟು ಜನರನ್ನು ಹಿಡಿದು ತರಬಹುದಿತ್ತು. ಆದರೆ ಪಾಂಗ್ಟಿಯವರ ಕಡೆಯಿಂದ ನೋಡಿ: ಅಣೆಕಟ್ಟು ಬಂದು ಒಳ್ಳೆಯ ಗದ್ದೆ ಮುಳುಗಿತು, ರೈತರು ಬಲೆ ಹಿಡಿದು ಮೀನುಗಾರರಾದರು, ಅದೇ ಜಲಾಶಯಕ್ಕೆ ಹಿಂಡುಹಿಂಡಾಗಿ ಹಕ್ಕಿ ಬಂದವು. ದೇವರು ಕೊಟ್ಟ ಫಸಲು ಎಂದು ಅವರು ಅದನ್ನು ಕುಯ್ದುಕೊಂಡರು. ಆ ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. ಇಲ್ಲಿ ಮಾಹಿತಿಗೆ ಕೆಲಸವಿತ್ತು. ಸ್ವಯಂಸೇವಾ ಸಂಸ್ಥೆಗಳು, ಅರಣ್ಯ ಇಲಾಖೆ, ಚರ್ಚು ಮೂವರೂ ಸೇರಿ ಊರೂರಲ್ಲಿ ಮಾತಾಡಿದರು, ಮಕ್ಕಳಿಗೆ ಇಕೋ ಕ್ಲಬ್ಬು ಶುರುಮಾಡಿದರು, ಗ್ರಾಮಸಭೆಗಳು ಬೇಟೆ ನಿಷೇಧಿಸಿ ದಂಡ ಗೊತ್ತುಮಾಡಿದವು. 2013ರ ಹಂಗಾಮಿನಲ್ಲಿ ದೊಯಾಂಗ್ ಸುತ್ತ ಬಲೆ ಬೀಳಲಿಲ್ಲ. ಆ ನವೆಂಬರಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹದ ಪುಟ್ಟ ಯಂತ್ರ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಟ್ಟು ಬಿಟ್ಟರು. ತಮ್ಮ ಊರಿನ ಹೆಸರು ಹೊತ್ತ ಹಕ್ಕಿ ಅರಬ್ಬೀ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಆಫ್ರಿಕಾ ಸೇರಿದ ಸುದ್ದಿ ಪಾಂಗ್ಟಿಗೆ ತಲುಪಿತು. ಒಂದೇ ವರ್ಷದಲ್ಲಿ ಇಂಥ ಬದಲಾವಣೆ ಸಂರಕ್ಷಣೆಯ ಚರಿತ್ರೆಯಲ್ಲೇ ಅಪರೂಪ. ಆದರೂ ಬೇಟೆ ಬಿಟ್ಟವರ ಆದಾಯದ ಪ್ರಶ್ನೆ ಒಂದು ವರ್ಷದಲ್ಲಿ ಬಗೆಹರಿಯುವಂಥದ್ದಾಗಿರಲಿಲ್ಲ. ಪ್ರವಾಸಿಗರು ಬಂದು ಎಲ್ಲರ ಒಲೆಯೂ ಉರಿಯಿತು ಎನ್ನುವುದು ಉತ್ಪ್ರೇಕ್ಷೆಯಾದೀತು.

ಅಸ್ಸಾಮಿನ ಕಾಮರೂಪ ಜಿಲ್ಲೆಯ ದಾದರಾದಲ್ಲಿ ಅಡ್ಡಿ ಅಜ್ಞಾನವಲ್ಲ, ಹೇಸಿಗೆ. ಹರ್ಗಿಲಾ ಎಂಬ ಆಳೆತ್ತರದ ಬೋಳುತಲೆಯ ಕೊಕ್ಕರೆ ಗುವಾಹಟಿಯ ಕಸದ ರಾಶಿಯಿಂದ ಕೊಳೆತ ಮಾಂಸ, ಮೂಳೆ ಹೆಕ್ಕಿತಂದು ಮರಿಗಳಿಗೆ ಉಣಿಸುತ್ತದೆ. ಅರ್ಧ ಅಂಗಳಕ್ಕೆ ಬೀಳುತ್ತದೆ. ಇಡೀ ಮನೆ ನಾರುತ್ತದೆ. ಅಂಥ ಹಕ್ಕಿ ಬಂದು ಕೂರುವ ಮರವನ್ನು ಯಾರು ಇಟ್ಟುಕೊಂಡಾರು? 2007ರಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಪೂರ್ಣಿಮಾ ದೇವಿ ಬರ್ಮನ್ ಕಣ್ಣೆದುರೇ ಒಬ್ಬ ಮಾಲೀಕ ಕದಂಬದ ಮರ ಕಡಿದ. ಒಂಬತ್ತು ಮರಿಗಳು ನೆಲಕ್ಕೆ ಬಿದ್ದವು. ಕೇಳಲು ಹೋದ ಆಕೆಯನ್ನು ಊರವರು ಗೇಲಿ ಮಾಡಿದರು. ಆಕೆ ಡಾಕ್ಟರೇಟನ್ನು ಪಕ್ಕಕ್ಕಿಟ್ಟು ಹಳ್ಳಿಯ ಹೆಂಗಸರ ನಡುವೆ ಕೂತರು. ಅಡುಗೆ ಸ್ಪರ್ಧೆ ಏರ್ಪಡಿಸಿದರು, ಹಕ್ಕಿ ಮೊಟ್ಟೆಯಿಡುವ ಕಾಲಕ್ಕೆ ಅದಕ್ಕೆ ಸೀಮಂತ ಮಾಡಿಸಿದರು. ಹೌದು, ಹಕ್ಕಿಗೆ ಸೀಮಂತ; ಬಸುರಿಗೆ ಮಾಡುವ ಶಾಸ್ತ್ರವನ್ನೆಲ್ಲ ಮಾಡಿ. ಹೆಂಗಸರು ತಮ್ಮ ಮಗ್ಗದಲ್ಲಿ ಮೇಖಲಾ ಚಾದರ ಎಂಬ ಅಲ್ಲಿನ ಉಡುಗೆಯ ಮೇಲೆ ಹರ್ಗಿಲಾ ಚಿತ್ರ ನೇಯ್ದು ಮಾರತೊಡಗಿದರು, ಕೈಗೆ ನಾಲ್ಕು ಕಾಸು ಬಂತು. ನಾರುವ ಹಕ್ಕಿ ಮನೆಯ ಮಗಳಾಯಿತು. ಇಂದು ‘ಹರ್ಗಿಲಾ ಸೇನೆ’ಯಲ್ಲಿ 10,000ಕ್ಕೂ ಹೆಚ್ಚು ಹೆಂಗಸರಿದ್ದಾರೆ. ಆ ಭಾಗದ ಹಳ್ಳಿಗಳಲ್ಲಿ 28 ಇದ್ದ ಗೂಡುಗಳು 250 ದಾಟಿವೆ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಪೂರ್ಣಿಮಾ ಅವರಿಗೆ ಬಂತು.

ಮೂರು ಊರು, ಮೂರು ಕಾರಣ. ಒಂದು ಕಡೆ ಹುಣಸೆಯ ನಷ್ಟ, ಒಂದು ಕಡೆ ಮುಳುಗಿದ ಗದ್ದೆ, ಇನ್ನೊಂದು ಕಡೆ ಅಂಗಳದ ನಾತ. ಕಾರಣ ಯಾವುದೆಂದು ಮೊದಲು ಕೇಳಿ ತಿಳಿದುಕೊಂಡದ್ದರಿಂದಲೇ ಈ ಕಾರ್ಯಕ್ರಮಗಳು ನಿಂತವು. ದಾದರಾದಲ್ಲಿ ಜೀವವೈವಿಧ್ಯದ ಮಹತ್ವ ಕುರಿತು ಭಾಷಣ ಮಾಡಿದ್ದರೆ ಹೆಂಗಸರು ಮೂಗು ಮುಚ್ಚಿಕೊಂಡೇ ಕೇಳುತ್ತಿದ್ದರು.

ನಮ್ಮ ಶಾಲೆಗಳಲ್ಲಿ ಕಾಣುವ ಬಹುಪಾಲು ಕಾರ್ಯಕ್ರಮಗಳಿಗೆ ಈ ಕೇಳುವ ವ್ಯವಧಾನವಿಲ್ಲ. ಜೂನ್ 5ರ ಪರಿಸರ ದಿನ ಬಂದರೆ ಗುಂಡಿ ತೆಗೆದಿರುತ್ತದೆ, ಸಸಿ ಬಂದಿರುತ್ತದೆ, ಅತಿಥಿ ನೀರೆರೆಯುತ್ತಾರೆ, ಫೋಟೊ ಆಗುತ್ತದೆ. ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ. ಮಕ್ಕಳಿಗೇ ಏಕೆ ಕಲಿಸುತ್ತೇವೆ ಎಂದರೆ ನಾಳಿನ ಪ್ರಜೆಗಳು ಎಂಬ ಉತ್ತರ ಸಿದ್ಧವಿದೆ. ಅವರು ಬೆಂಚು ಬಿಟ್ಟು ಎದ್ದುಹೋಗುವಂತಿಲ್ಲ ಎಂಬುದೂ ಒಂದು ಕಾರಣ, ಹೇಳುವುದಿಲ್ಲ ಅಷ್ಟೆ. ಮರದ ಪಹಣಿ ಮಕ್ಕಳ ಹೆಸರಿನಲ್ಲಿಲ್ಲ, ಕೆರೆಯ ತೂಬು ಅವರ ಕೈಯಲ್ಲಿಲ್ಲ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೇ ಕರೆದೊಯ್ಯುತ್ತದೆ ಎಂಬುದು ಒಳ್ಳೆಯ ವಿಷಯ. ಆದರೆ ಕಾಡಿನ ಅಂಚಿನ ಊರುಗಳ ಮಕ್ಕಳಿಗೆ ಆನೆ ಎಂದರೆ ತೋರಿಸಬೇಕಾದ ಪ್ರಾಣಿಯಲ್ಲ, ಮೊನ್ನೆ ರಾತ್ರಿ ಅಪ್ಪನ ರಾಗಿ ಹೊಲ ತುಳಿದದ್ದು. ಅವರೊಡನೆ ಆಡಬೇಕಾದ ಮಾತು ಬೇರೆ.

ಕೊಕ್ಕರೆ ಬೆಳ್ಳೂರಿಗೂ ಒಂದು ಮಿತಿ ಇದೆ. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ಪರೋಪಜೀವಿ ಹುಳುಗಳು ಕಂಡವು. ಅಂಥ ಹುಳು ಹಕ್ಕಿಯ ಹೊಟ್ಟೆ ಸೇರುವುದು ತಿಂದ ಮೀನಿನ ಮೂಲಕ. ಗೂಡಿನ ಕೆಳಗೆ ಊರವರು ಎಷ್ಟು ಕಾದರೇನು, ಹಕ್ಕಿ ಊಟಕ್ಕೆ ಹೋಗುವುದು ಸುತ್ತಲಿನ ಹತ್ತು ಊರುಗಳ ಕೆರೆಗಳಿಗೆ. ಆ ಹತ್ತು ಊರಿನವರಿಗೂ ಹೆಜ್ಜಾರ್ಲೆ ತಮ್ಮದು ಎನ್ನಿಸಬೇಕು.

ಮೇಷ್ಟ್ರುಗಳಲ್ಲಿ, ಇಕೋ ಕ್ಲಬ್ಬಿನ ಹೊಣೆ ಹೊತ್ತ ಮೇಡಂಗಳಲ್ಲಿ ಒಂದು ಕೋರಿಕೆ. ಮುಂದಿನ ಜೂನ್ 5ಕ್ಕೆ ಸಸಿ ತರಿಸುವ ಮೊದಲು ನಿಮ್ಮೂರ ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು, ದನ ಮೇಯಿಸುವವರನ್ನು, ಕೆರೆಯಂಚಿನ ಹೊಲದವರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಸಿ. ಕೆರೆ ಚೆನ್ನಾಗಿದ್ದರೆ ಯಾರಿಗೆ ಏನು ಸಿಗುತ್ತದೆ, ಅದನ್ನು ಚೆನ್ನಾಗಿಡಲು ಯಾರು ಏನು ಕಳೆದುಕೊಳ್ಳಬೇಕು ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಆ ವರ್ಷ ಇಕೋ ಕ್ಲಬ್ಬು ಏನು ಮಾಡಬೇಕೆಂಬುದನ್ನು ಆ ಪಟ್ಟಿ ನೋಡಿ ತೀರ್ಮಾನಿಸಿ.