ಹೋಗಲಿರುವ ಮಗುವನ್ನು ಹಚ್ಚಿಕೊಳ್ಳಬಾರದೆ?

ಭಟ್ಕಳದಿಂದ ಕುಮಟಾದವರೆಗಿನ ಕರಾವಳಿಯಲ್ಲಿ ಅಪ್ಪ ಗಲ್ಫ್‌ನಲ್ಲಿದ್ದು ಅಮ್ಮ ಹಾಸಿಗೆ ಹಿಡಿದರೆ ಮಗು ಅಜ್ಜಿಮನೆಗೋ ಚಿಕ್ಕಮ್ಮನ ಮನೆಗೋ ಹೋಗುವುದು ಸಹಜ. ಆದರೆ ನೋಡಿಕೊಳ್ಳುವ ನಂಟರೇ ಇಲ್ಲದ ಮಗುವಿಗೆ ಕಾನೂನು ಇನ್ನೊಂದು ದಾರಿ ತೆರೆದಿದೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಅಂಥ ಮಗುವನ್ನು ಸ್ವಲ್ಪ ಕಾಲಕ್ಕೋ ದೀರ್ಘ ಕಾಲಕ್ಕೋ ಒಂದು ಕುಟುಂಬದ ಪೋಷಕತ್ವಕ್ಕೆ ಒಪ್ಪಿಸಬಹುದು. ದತ್ತು ಬೇರೆ, ಇದು ಬೇರೆ. ಹೆತ್ತವರು ಸಾಕಲು ಸಮರ್ಥರೆಂದು ಸಮಿತಿಗೆ ಮನವರಿಕೆಯಾದರೆ ಮಗು ಅವರಲ್ಲಿಗೆ ಮರಳಬಹುದು. ಹೀಗೆ ಮರಳುವ ಸಾಧ್ಯತೆ ಇರುವುದರಿಂದಲೇ ಸಾಕುವವರಿಗೆ ಸುತ್ತಲಿನವರು ಒಂದು ಬುದ್ಧಿಮಾತು ಹೇಳುತ್ತಾರೆ: ‘ಜಾಸ್ತಿ ಹಚ್ಚಿಕೊಳ್ಳಬೇಡ, ನಾಳೆ ಹೋಗುವ ಮಗು.’ ಕಾಳಜಿಯಿಂದಲೇ ಬರುವ ಮಾತಿದು. ಆದರೂ ಪುಟ್ಟ ಮಗುವಿನ ಮಟ್ಟಿಗೆ ಇದಕ್ಕಿಂತ ಹಾನಿಕರವಾದ ಸಲಹೆ ಇನ್ನೊಂದಿಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ.

ರುಮೇನಿಯಾದ ಬುಖಾರೆಸ್ಟ್‌ನ ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳ ಅಧ್ಯಯನ ಈ ಶತಮಾನದ ಆರಂಭದಲ್ಲಿ ಶುರುವಾಯಿತು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಆರಿಸಿ, ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಕಳಿಸಿದರು. ಮೂರೂವರೆ ವರ್ಷದ ಹೊತ್ತಿಗೆ ಸಾಕು ಮನೆಗಳ ಮಕ್ಕಳಲ್ಲಿ ಸುಮಾರು ಶೇ 49ರಷ್ಟು ತಮ್ಮ ಪಾಲಕರೊಂದಿಗೆ ಭದ್ರವಾದ ಬಾಂಧವ್ಯ ಬೆಳೆಸಿಕೊಂಡಿದ್ದರೆ, ಸಂಸ್ಥೆಯ ಆರೈಕೆಯ ಗುಂಪಿನಲ್ಲಿ ಅಂಥವರು ಶೇ 18ರಷ್ಟೇ. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಲಾಭ ಇನ್ನೂ ಹೆಚ್ಚು. ಆ ಸಾಕುತಾಯಂದಿರಿಗೂ ಮಕ್ಕಳಿಗೂ ರಕ್ತಸಂಬಂಧ ಇರಲಿಲ್ಲ. ಅಮೆರಿಕದ ಮೇರಿ ಡೋಜಿಯರ್ ಮತ್ತು ಸಂಗಡಿಗರು 2001ರಲ್ಲಿ 50 ಸಾಕುತಾಯಿ–ಮಗು ಜೋಡಿಗಳ ಬಗ್ಗೆ ಬರೆದದ್ದೂ ಇದನ್ನೇ ಪುಷ್ಟೀಕರಿಸುತ್ತದೆ: ಬಾಂಧವ್ಯ ಎಷ್ಟು ಭದ್ರವಾಗುತ್ತದೆ ಎಂಬುದು ಸಾಕುವವಳ ಮನೋಭಾವಕ್ಕೆ ತಕ್ಕಂತಿತ್ತು, ಹೆತ್ತ ತಾಯಂದಿರಲ್ಲಿ ಕಾಣುವಂತೆಯೇ. ಸಾಕುವವರು ಮಗುವನ್ನು ಎಷ್ಟು ತಮ್ಮದೆಂದುಕೊಳ್ಳುತ್ತಾರೆ ಎಂಬುದನ್ನೂ ಡೋಜಿಯರ್ ತಂಡ ಅಳೆದಿದೆ. ಹಾಗೆ ಅಂದುಕೊಂಡ ಮನೆಗಳಲ್ಲಿ ಪೋಷಕತ್ವ ನಡುವೆ ಮುರಿದುಬೀಳುವುದು ಕಡಿಮೆ.

ಹಚ್ಚಿಕೊಳ್ಳದೆ ಸಾಕುವ ಮನೆಗಳಲ್ಲಿ ಇನ್ನೊಂದು ತಪ್ಪೂ ನುಸುಳುತ್ತದೆ. ಬಂದ ಮೊದಲ ವಾರದಲ್ಲೇ ಎರಡು ವರ್ಷದ ಮಗು ಅಳದೆ, ಹಟ ಮಾಡದೆ, ಯಾರು ಕರೆದರೂ ಹೋಗಿ ಕುಳಿತರೆ ‘ಪಾಪ, ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಎಲ್ಲರೂ ನೆಮ್ಮದಿಪಡುತ್ತಾರೆ. ಅಗಲಿಕೆಗೆ ಸಿಕ್ಕ ಮಕ್ಕಳನ್ನು ಲಂಡನ್‌ನಲ್ಲಿ ವರ್ಷಗಟ್ಟಲೆ ಗಮನಿಸಿದ ಜೇಮ್ಸ್ ರಾಬರ್ಟ್‌ಸನ್ ಕಂಡದ್ದು ಬೇರೆಯೇ. ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ನಂಟನ್ನೇ ಬಿಟ್ಟುಕೊಡುತ್ತದೆ. ಮೂರನೆಯ ಹಂತ ಹೊರಗಿನಿಂದ ಶಾಂತಿಯಂತೆಯೇ ಕಾಣುತ್ತದೆ. ಹೀಗೆ ಕೈಚೆಲ್ಲಿದ ಮಗು ಬಿದ್ದು ಪೆಟ್ಟಾದರೂ ಯಾರನ್ನೂ ಹುಡುಕದು, ಎತ್ತಿಕೊಂಡರೆ ಮೈ ಬಿಗಿಹಿಡಿಯುತ್ತದೆ. ‘ಇದಕ್ಕೆ ನಾನು ಬೇಕಿಲ್ಲ’ ಎಂದು ಸಾಕುವವಳೂ ಹಿಂದೆ ಸರಿದರೆ ಇಬ್ಬರ ನಡುವಿನ ಅಂತರ ಹಾಗೇ ಉಳಿಯುತ್ತದೆ. ಮಗು ಕೇಳದಿದ್ದರೂ ನಾವೇ ಹೋಗಿ ಸಂತೈಸಬೇಕು, ಅದೂ ದಿನವೂ, ಅದೇ ಕೈ, ಅದೇ ದನಿ. ‘ಎತ್ತಿ ಎತ್ತಿ ಕೈರೂಢಿ ಮಾಡಬೇಡ’ ಎನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟೆ: ಕೂಗಿದರೆ ಬರುವವರಿದ್ದಾರೆ ಎಂಬ ನಂಬಿಕೆಯನ್ನೇ ಕಳೆದುಕೊಂಡ ಮಗುವಿಗೆ ಮೊದಲು ಆ ರೂಢಿಯೇ ಆಗಬೇಕು.

ಹಚ್ಚಿಕೊಂಡ ಮೇಲೆ ಅಗಲಿದರೆ ಮಗುವಿಗೆ ಮತ್ತೊಂದು ಪೆಟ್ಟಲ್ಲವೇ, ಹೆತ್ತವಳನ್ನು ಅದು ಮರೆಯುವುದಿಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಗಲಿಕೆ ನೋಯಿಸಿಯೇ ನೋಯಿಸುತ್ತದೆ. ಇದಕ್ಕೂ ಉತ್ತರ ರಾಬರ್ಟ್‌ಸನ್ ದಂಪತಿಯಲ್ಲೇ ಇದೆ. 1960ರ ದಶಕದಲ್ಲಿ, ತಾಯಿ ಹೆರಿಗೆಗೆ ಹೋದಾಗ ಅವರು ನಾಲ್ಕು ಪುಟ್ಟ ಮಕ್ಕಳನ್ನು ಒಬ್ಬೊಬ್ಬರಂತೆ ತಮ್ಮ ಮನೆಯಲ್ಲೇ ಸಾಕಿದರು. ಮೊದಲೇ ಪರಿಚಯ ಮಾಡಿಕೊಂಡರು, ಮಗುವಿನ ಆಟಿಕೆ ತರಿಸಿಕೊಂಡರು, ಅಮ್ಮನ ಫೋಟೊ ಇಟ್ಟುಕೊಂಡು ಅವಳ ಬಗ್ಗೆ ಮಾತಾಡಿದರು. ಮಕ್ಕಳು ಸಾಕುತಾಯಿಗೆ ಅಂಟಿಕೊಂಡರು, ಅಮ್ಮನನ್ನು ಬಿಡಲಿಲ್ಲ. ಅದೇ ಕಾಲದಲ್ಲಿ ಶಿಶುಗೃಹವೊಂದರಲ್ಲಿ ಒಂಬತ್ತು ದಿನ ಕಳೆದ 17 ತಿಂಗಳ ಜಾನ್ ಎಂಬ ಮಗುವಿಗೆ ‘ತನ್ನವರು’ ಎಂದು ಯಾರೂ ದಕ್ಕಲಿಲ್ಲ. ಕೊನೆಗೆ ಅಮ್ಮ ಬಂದಾಗ ಅವನು ಅವಳಿಂದಲೇ ಮುಖ ತಿರುಗಿಸಿದ. ಹೆತ್ತವಳ ಜಾಗವನ್ನು ಕಾಯ್ದುಕೊಟ್ಟದ್ದು ಸಾಕುತಾಯಿಯ ಅಕ್ಕರೆಯೇ.

ಇವೆಲ್ಲ ಪರದೇಶದ ಮಾತು, ಮನೆತುಂಬ ಜನವಿರುವ ನಮಗೇಕೆ ಎನ್ನುವವರೂ ಇದ್ದಾರೆ. ತಾಯಿ–ಮಗು ಬಾಂಧವ್ಯದ ಸಂಶೋಧಕಿ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ ಅಂಥ ಮನೆಗಳನ್ನೇ ಕಂಡಿದ್ದರು. ಹಲವರ ನಡುವೆ ಬೆಳೆದ ಮಕ್ಕಳಲ್ಲೂ ಭದ್ರ ಬಾಂಧವ್ಯವಿತ್ತು. ಆದರೆ ಹತ್ತು ಕೈಗಳಿದ್ದಲ್ಲಿ ಯಾವ ಕೈಯೂ ತನ್ನದೆನಿಸದಿರುವ ಅಪಾಯವೂ ಇದೆ. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ಊಟ, ಸ್ನಾನ, ಮಲಗಿಸುವುದು ಒಬ್ಬಿಬ್ಬರ ಕೈಯಲ್ಲೇ ಇರಲಿ. ನಮ್ಮ ಕಡೆ ಇನ್ನೆರಡು ಸಂಗತಿ ಗಮನಿಸಬೇಕು. ಹೊನ್ನಾವರದ ಖಾರ್ವಿ ಮನೆಯ ಕೊಂಕಣಿ, ಭಟ್ಕಳದ ನವಾಯತಿ, ಕುಮಟಾದ ಹಾಲಕ್ಕಿ ಕನ್ನಡ ಎಲ್ಲ ಒಂದೇ ಅಲ್ಲ. ಮಗು ‘ನೀರು’, ‘ಹಸಿವು’, ‘ಅಮ್ಮ’ ಎನ್ನುವುದು ಯಾವ ನುಡಿಯಲ್ಲೋ ಆ ನಾಲ್ಕು ಮಾತು ಸಾಕುವವರು ಕಲಿಯಬೇಕು. ಮೀನುಗಾರರ ಮನೆಯಾದರೆ, ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದಲ್ಲಿ ಮನೆಯಲ್ಲೇ ಇದ್ದ ಸಾಕುತಂದೆ ಆಗಸ್ಟ್‌ನಲ್ಲಿ ಕಡಲಿಗಿಳಿಯುವ ಮೊದಲು, ತಾನು ಮರಳಿ ಬರುವುದನ್ನು ಮಗುವಿಗೆ ತಿಳಿಯುವ ಹಾಗೆ ಹೇಳಿಹೋಗಲಿ.

ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರ ನೂರು ಕಿಲೋಮೀಟರಿಗೂ ದೂರ. ಅಷ್ಟು ದೂರದ ಕಚೇರಿಯಿಂದ ಯಾರೋ ಬಂದು ಎಲ್ಲ ಹೇಳಿಕೊಡುತ್ತಾರೆಂದು ಕಾಯಬೇಡಿ. ಸಮಿತಿ ಬೇಡವೆಂದು ತೀರ್ಮಾನಿಸದಿದ್ದರೆ ಹೆತ್ತವರು ಆಗಾಗ ಬಂದು ಮಗುವನ್ನು ನೋಡಬಹುದು ಎಂದು 44ನೇ ಸೆಕ್ಷನ್ನೇ ಹೇಳುತ್ತದೆ. ಸಮಿತಿ ಪ್ರತಿ ತಿಂಗಳೂ ಸಾಕು ಮನೆಯನ್ನು ಪರಿಶೀಲಿಸಬೇಕೆಂದೂ ಹೇಳುತ್ತದೆ. ಭೇಟಿಯಾದ ರಾತ್ರಿ ಮಗು ಅತ್ತರೆ ಭೇಟಿಯನ್ನೇ ನಿಲ್ಲಿಸಲು ಕೇಳಬೇಡಿ. ಮಗುವಿನ ಜೊತೆ ಕೂತುಕೊಳ್ಳಿ, ಅಮ್ಮನ ಹೆಸರೆತ್ತಿ ಮಾತಾಡಿ, ಮುಂದಿನ ಭೇಟಿ ಯಾವಾಗ ಎಂದು ಸಮಿತಿಯನ್ನು ನೀವೇ ಕೇಳಿ.