ಕಾರ್ಖಾನೆಯನ್ನು ಕೊಳ್ಳುವವರು ಯಾರು?

ಮಕ್ಕಳೇ, ನೀವು ದನದ ಸಂತೆ ನೋಡಿದ್ದೀರಾ? ಧರ್ಮಪುರಿಯ ಕಡೆ ಮಳೆ ಕೈಕೊಟ್ಟ ವರ್ಷ ಮೇವು ಸಿಗುವುದಿಲ್ಲ. ಆಗ ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ. ಒಳ್ಳೆಯ ಹಸುವಿಗೂ ತಕ್ಕ ಬೆಲೆ ಬರುವುದಿಲ್ಲ. ಕಾರ್ಖಾನೆಯ ಮಾರಾಟವೂ ಹೀಗೆಯೇ.

ಸೇಲಂನ ಹತ್ತಿರ ಕಂಜಮಲೆಯ ಬಳಿ ಒಂದು ಉಕ್ಕಿನ ಕಾರ್ಖಾನೆ ಇದೆ. ಅಲ್ಲಿ 1981ರಲ್ಲಿ ಉತ್ಪಾದನೆ ಆರಂಭವಾಯಿತು. ನಿಮ್ಮ ಮನೆಯ ಎವರ್‌ಸಿಲ್ವರ್ ಲೋಟದಂಥ, ತುಕ್ಕು ಹಿಡಿಯದ ಉಕ್ಕಿನ ಹಾಳೆಗಳು ಅಲ್ಲಿ ತಯಾರಾಗುತ್ತವೆ. ಕರ್ನಾಟಕದ ಭದ್ರಾವತಿಯಲ್ಲಿ ಇನ್ನೂ ಹಳೆಯ ಕಾರ್ಖಾನೆಯಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕಾಗಿ ಬಹಳ ಶ್ರಮಿಸಿದರು.

ಈ ಎರಡನ್ನೂ ಮಾರಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. 2019ರ ಜುಲೈನಲ್ಲಿ ಕೊಳ್ಳುವವರನ್ನು ಕರೆಯಲಾಯಿತು. ಆಗ ದೇಶದಲ್ಲಿ ವ್ಯಾಪಾರ ಮಂದವಾಗಿತ್ತು. 2020ರಲ್ಲಿ ಕೊರೊನಾ ಬಂತು. ಕೆಲಸ ಹೋಗಬಹುದೆಂದು ಹೆದರಿದ ಕಾರ್ಮಿಕರು ಮಾರಾಟವನ್ನು ವಿರೋಧಿಸಿದರು. ಮುಂದುವರಿಯಲು ಸಾಕಷ್ಟು ಜನರು ಆಸಕ್ತಿ ತೋರದ ಕಾರಣ, 2022ರಲ್ಲಿ ಭದ್ರಾವತಿಯ ಮಾರಾಟವನ್ನು ಕೈಬಿಡಲಾಯಿತು.

ಕೊಳ್ಳುವವರು ಏಕೆ ಹಿಂಜರಿಯುತ್ತಾರೆ? ಎತ್ತು ಯಾರ ಹೊಲವನ್ನಾದರೂ ಉಳುತ್ತದೆ. ಉಕ್ಕಿನ ಯಂತ್ರಕ್ಕೆ ಉಕ್ಕಿನ ಕೆಲಸ ಮಾತ್ರ ಗೊತ್ತು. ಜನರು ಮನೆ, ವಾಹನಗಳನ್ನು ಕಡಿಮೆ ಕೊಂಡಾಗ ಉಕ್ಕೂ ಕಡಿಮೆ ಮಾರಾಟವಾಗುತ್ತದೆ.

ಯಂತ್ರಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿದೆ. ಅದು ಕಾರ್ಮಿಕರ ಅನುಭವ. ಕುಲುಮೆಯ ಬಳಿ ವರ್ಷಗಟ್ಟಲೆ ದುಡಿದು ಕಲಿತ ಕೆಲಸ ಒಂದೇ ದಿನದಲ್ಲಿ ಬರುವುದಿಲ್ಲ. ಅವರು ಚದುರಿಹೋದರೆ ಯಂತ್ರಗಳು ಬರಿಯ ಕಬ್ಬಿಣ. ಕಷ್ಟಕಾಲದಲ್ಲಿ ಮಾರುವವರು ಮೊದಲು ಕಾಪಾಡಬೇಕಾದದ್ದು ಈ ಕೈಗಳನ್ನೇ.